ಸಿರಿಗನಹಾಳದ ತಂಬಿಗೆ ತೋಟ

ಸಿರಿಗನಹಾಳದ ಬಸ್ ನಿಲ್ದಾಣದಲ್ಲಿ ಇಳಿದು ಬಡಿಗೇರ ಓಣಿಯನ್ನು ದಾಟಿದರೆ ಎದುರಿಗೇ ದೇಸಗತಿಯ ವಾಡೆ. ಹೆಬ್ಬಾಗಿಲು ಪೂರ್ವಕ್ಕಿದೆ. ಬಾಗಿಲ ಮೇಲೆ ಕಟೆದ ಎರಡು ಆನೆಗಳಲ್ಲಿ ಒಂದರ ಸೊಂಡಿಲು ಎಂದೋ ಮುರಿದುಹೋಗಿದೆ. ಆದರೆ ಇಲ್ಲಿಗೆ ಬರುವ ಜನ ಹೆಬ್ಬಾಗಿಲ ಕಡೆ ಹೊರಳಿ ನೋಡುವುದಿಲ್ಲ. ಗೋಡೆಯ ಬದಿ ಹಿಡಿದು ನೇರ ಹಿಂದಕ್ಕೆ ನಡೆಯುತ್ತಾರೆ. ಅಲ್ಲಿ ತಲೆ ಬಗ್ಗಿಸಿಯೇ ನುಸುಳಬೇಕಾದ ಒಂದು ದಿಡ್ಡಿ ಬಾಗಿಲು, ಅದರಾಚೆ ಮೂರು ಎಕರೆಯ ತೋಟ. ದೇಸಾಯರ ವಂಶದವರು ಊರು ಬಿಟ್ಟ ಮೇಲೆ ವಾಡೆಯನ್ನೂ ತೋಟವನ್ನೂ ಒಂದು ಸಮಿತಿ ನೋಡಿಕೊಳ್ಳುತ್ತಿದೆ. ಚೈತ್ರದಲ್ಲಿ ಸಂಗೀತ, ಮಳೆಗಾಲ ಹಿಡಿಯುವ ಮೊದಲು ಸಸಿಗಳ ಸಂತೆ, ಶ್ರಾವಣದಲ್ಲಿ ಹೆಂಗಸರ ಹಾಡಿನ ಮೇಳ, ಚಳಿಗಾಲದಲ್ಲಿ ಶಾಲೆಯ ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ, ನಡುನಡುವೆ ಕವಿಗೋಷ್ಠಿ. ಯಾವುದಕ್ಕೂ ಟಿಕೆಟ್ಟಿಲ್ಲ. ಬಂದವರು ಮನೆಯಿಂದ ಒಂದು ತಂಬಿಗೆ ನೀರು ತರಬೇಕು, ತಮಗೆ ಮನಸ್ಸು ಬಂದ ಗಿಡದ ಬುಡಕ್ಕೆ ಹಾಕಬೇಕು, ಆಮೇಲೆ ಕೂರಬೇಕು. ಈಚೆಗೆ ಪ್ಲಾಸ್ಟಿಕ್ ಬಾಟಲಿ ತರುವವರೇ ಹೆಚ್ಚಾಗಿದ್ದಾರೆ. ಸಮಿತಿಯವರು ಅದನ್ನೂ ನಡೆಸಿಕೊಂಡು ಹೋಗುತ್ತಾರೆ. ನನಗೆ ಮಾತ್ರ ಅದು ಸರಿಬರುವುದಿಲ್ಲ.

ಈ ತೋಟಕ್ಕೆ ತಂಬಿಗೆ ತೋಟ ಎಂಬ ಹೆಸರು ಹೇಗೆ ಬಂತೆಂದು ಬಂದವರಿಗೆ ಹೇಳುವ ಕೆಲಸವನ್ನು ಹನ್ನೊಂದು ವರ್ಷ ನಾನೇ ಮಾಡಿದೆ. ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿರಲಿಲ್ಲ. ಬಕುಲದ ಕೆಳಗೆ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೆ. ಎರಡು ವರ್ಷದ ಹಿಂದೆ ಸಮಿತಿಯವರು ಹುಬ್ಬಳ್ಳಿಯಿಂದ ಪ್ರಸನ್ನಕುಮಾರ ಎಂಬ ಹುಡುಗನನ್ನು ಕರೆತಂದರು. ಅವನು ಕೆನ್ನೆಗೆ ಮೈಕು ಸಿಕ್ಕಿಸಿಕೊಂಡು ನಡೆಯುತ್ತಲೇ ಮಾತಾಡುತ್ತಾನೆ; ಇಪ್ಪತ್ತು ನಿಮಿಷದಲ್ಲಿ ವಾಡೆ, ತೋಟ, ದೇಸಾಯರ ಏಳು ತಲೆಮಾರು ಎಲ್ಲ ಮುಗಿಸುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಹೊಟ್ಟೆಕಿಚ್ಚಿಲ್ಲ ಎಂದು ಹೇಳಿದರೆ ಅದು ಸುಳ್ಳಾದೀತು, ಮತ್ತು ಈ ತೋಟದ ಕಥೆಯನ್ನು ಹೇಳುವವನು ಆ ವಿಷಯದಲ್ಲಿ ಸುಳ್ಳು ಹೇಳಬಾರದು. ಯಾಕೆಂದರೆ ಕಥೆಯೇ ಅದರದು.

ಹಿಂದೆ ಒಮ್ಮೆ, ಪೇಶ್ವೆಯರ ಆಳ್ವಿಕೆ ಮುಗಿದು ಕುಂಪಣಿ ಸರಕಾರ ಈ ಸೀಮೆಯಲ್ಲಿ ಇನ್ನೂ ಕಾಲೂರುತ್ತಿದ್ದ ದಿನಗಳಲ್ಲಿ, ಭುಜಂಗರಾಯನೆಂಬ ದೇಸಾಯಿ ಈ ವಾಡೆಯನ್ನು ಕಟ್ಟಿಸಿದನು ಎನ್ನುತ್ತಾರೆ. ಆತನ ಹೆಂಡತಿ ತುಳಜಾಬಾಯಿ ದೊಡ್ಡ ಮನೆತನದ ಮಗಳು. ಪಡಸಾಲೆಯ ಕಂಬಗಳ ಕೆತ್ತನೆ ಅವಳು ಹೇಳಿದಂತೆಯೇ ಆಯಿತು; ತೂಗುದೀಪಗಳು, ಕನ್ನಡಿಗಳು, ಗೌರಿಯನ್ನು ಕೂರಿಸುವ ಬೆಳ್ಳಿಯ ತೊಟ್ಟಿಲು, ಎಲ್ಲ ಪುಣೆಯಿಂದ ಗಾಡಿಯಲ್ಲಿ ಬಂದವು. ಭುಜಂಗರಾಯನಿಗೆ ಅಂಬಕ್ಕ ಎಂಬ ತಂಗಿ ಇದ್ದಳು. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದಳು. ಮನೆಯಲ್ಲಿ ಊಟಕ್ಕೆ, ಬಟ್ಟೆಗೆ ಕೊರತೆಯಿರಲಿಲ್ಲ. ಆದರೆ ಮುತ್ತೈದೆಯರು ಸೇರುವ ದಿನ ಅವಳು ಪಡಸಾಲೆಗೆ ಕಾಲಿಡುವಂತಿರಲಿಲ್ಲ. ಅಂಥ ದಿನಗಳಲ್ಲಿ ಅವಳು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿ, ಕಲ್ಲುಗಳ ನಡುವೆ ಜಾಲಿ ಬೆಳೆದಿದ್ದ ಬಯಲಿನಲ್ಲಿ ಕೂತಿರುತ್ತಿದ್ದಳು. ಒಂದು ವರ್ಷ ಕೂತವಳು ಎದ್ದು ಜಾಲಿ ಕಡಿಯಲು ತೊಡಗಿದಳು.

ಅಂಬಕ್ಕ ತೋಟ ಮಾಡಿದ ರೀತಿ ಬೇರೆ. ಪೇಟೆಯಿಂದ ಒಂದು ಗಿಡವನ್ನೂ ತರಿಸಲಿಲ್ಲ. ಊರಿನ ಒಂದೊಂದು ಮನೆಯ ಮುಂದೂ ನಿಂತು, ನಿಮ್ಮ ಹಿತ್ತಿಲಿನದು ಒಂದು ಕಡ್ಡಿ ಕೊಡಿ, ಒಂದು ಬೀಜ ಕೊಡಿ ಎಂದು ಬೇಡಿ ತಂದಳು. ತಂದದ್ದನ್ನು ಕೊಟ್ಟವರ ಹೆಸರಿನಿಂದಲೇ ಕರೆದಳು. ಕಮ್ಮಾರರ ಕಾಳವ್ವನ ನಿಂಬೆ, ಹಡಪದರ ಮನೆಯ ಕಣಗಿಲೆ, ಪಿಂಜಾರ ಹುಸೇನಬಿಯ ಗೋರಂಟಿ, ಶಾನುಭೋಗರ ಮನೆಯ ಬಕುಲ. ಆರೇಳು ವರ್ಷದಲ್ಲಿ ಬಯಲು ಹಸುರಾಯಿತು. ನೀರಿಗೆ ತೊಂದರೆಯಿರಲಿಲ್ಲ. ವಾಡೆಯ ಅಂಗಳದ ಬಾವಿಯಿಂದ ಎತ್ತುಗಳು ಕಪಿಲೆಯಲ್ಲಿ ನೀರೆಳೆದು ಕಲ್ಲಿನ ದೋಣಿಗೆ ಸುರಿಯುತ್ತಿದ್ದವು. ದೋಣಿ ತುಂಬಿ ಮಿಕ್ಕದ್ದು ಗೋಡೆಯ ಬುಡದ ಒಂದು ತೂಬಿನಿಂದ ತೋಟಕ್ಕೆ ಹರಿಯುತ್ತಿತ್ತು. ಆ ಮಿಕ್ಕ ನೀರಿನಲ್ಲಿಯೇ ತೋಟ ಬೆಳೆಯಿತು.

ಚೈತ್ರದಲ್ಲಿ ತುಳಜಾಬಾಯಿ ಊರಿನ ಹೆಂಗಸರನ್ನೆಲ್ಲ ಅರಿಷಿಣ ಕುಂಕುಮಕ್ಕೆ ಕರೆಯುವುದು ವಾಡೆಯ ಪದ್ಧತಿ. ನಾಲ್ಕು ದಿನ ಮೊದಲಿನಿಂದ ಪಡಸಾಲೆಯ ಸಿಂಗಾರ ನಡೆಯುತ್ತಿತ್ತು. ಗೌರಿ ತೊಟ್ಟಿಲಿನಲ್ಲಿ ತೂಗುತ್ತಿದ್ದಳು, ಸುತ್ತ ಹಣ್ಣು, ಬೊಂಬೆ, ಕೋಸಂಬರಿಯ ತಟ್ಟೆ, ಮಾವಿನಕಾಯಿಯ ಪಾನಕ. ತೋಟ ಹಸುರಾದ ಆ ವರ್ಷವೂ ನೂರು ಹೆಂಗಸರು ಬಂದರು. ಕುಂಕುಮ ಹಚ್ಚಿಸಿಕೊಂಡರು, ಉಡಿಯಲ್ಲಿ ನೆನೆಸಿದ ಕಡಲೆ ಹಾಕಿಸಿಕೊಂಡರು, ಭಾಳ ಛಂದ ಆಗೇದ ಅಂದರು, ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದರು. ತಮ್ಮ ತಮ್ಮ ಮನೆಯ ಗಿಡ ಎಷ್ಟು ಬೆಳೆದಿದೆ ಎಂದು ನೋಡಬೇಕಿತ್ತು. ನೋಡಿದವರು ಅಲ್ಲಿಯೇ ಅಂಬಕ್ಕನ ಸುತ್ತ ಕೂತರು, ಹಾಡಿದರು, ಪಾನಕವನ್ನೂ ಅಲ್ಲಿಗೇ ತರಿಸಿಕೊಂಡರು. ಸಂಜೆಗೆ ತುಳಜಾಬಾಯಿ ಪಡಸಾಲೆಗೆ ಬಂದಾಗ ಅಲ್ಲಿ ಉಳಿದದ್ದು ಕಿವಿ ಕೇಳದ ಒಬ್ಬ ಮುದುಕಿ, ಅವಳೂ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು.

ಆ ದಿನದಿಂದ ದೇಸಾಯಿಣಿಯ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಗಂಡನಿದ್ದಾನೆ, ಮನೆಯಿದೆ, ಊರಿಗೆ ಊರೇ ಅವ್ವಾರ ಎಂದು ಕೈಮುಗಿಯುತ್ತದೆ. ಏನೂ ಇಲ್ಲದ ಆ ಹುಡುಗಿಯ ಕಡೆಗೆ ಮಂದಿ ಯಾಕೆ ಹೋಗಬೇಕು? ತನಗಿಂತ ಮೇಲಿನವರನ್ನು ಕಂಡು ಉರಿದರೆ ಜನ ಒಪ್ಪುತ್ತಾರೆ, ಕನಿಕರವನ್ನೂ ತೋರಿಸುತ್ತಾರೆ. ತನ್ನ ಮನೆಯಲ್ಲಿ ಉಂಡು ಬದುಕುವವಳನ್ನು ಕಂಡು ಉರಿಯುವುದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಅದಕ್ಕೇ ಅದು ಒಳಗೊಳಗೇ ಬೆಳೆಯಿತು. ಮರುವರ್ಷ ಅವಳು ಹಿತ್ತಿಲ ಬಾಗಿಲಿಗೆ ಬೀಗ ಹಾಕಿಸಿದಳು. ಹೆಂಗಸರು ಹೆಬ್ಬಾಗಿಲಿನಿಂದ ಹೊರಬಿದ್ದು, ಗೋಡೆ ಸುತ್ತಿ, ಗೊಬ್ಬರ ಹೇರುವ ದಿಡ್ಡಿ ಬಾಗಿಲಿನಿಂದ ತೋಟಕ್ಕೆ ಹೋದರು. ಅದರ ಮುಂದಿನ ವರ್ಷ ಗದಗಿನ ಕಡೆಯಿಂದ ಹಾಡುವವಳನ್ನು ಕರೆಸಿದಳು. ಜನ ಒಂದು ಹಾಡು ಕೇಳಿದರು, ಎರಡನೆಯ ಹಾಡಿಗೆ ಬಾಗಿಲ ಕಡೆ ನೋಡತೊಡಗಿದರು. ಹಾಡುವವಳೇ ಕೊನೆಗೆ, ಇಲ್ಲಿ ಎಲ್ಲೋ ತೋಟ ಐತೆಂತಲ್ಲ, ನೋಡಬೇಕಿತ್ತು ಅಂದಳಂತೆ. ತುಳಜಾಬಾಯಿ ಆ ರಾತ್ರಿ ಊಟ ಮಾಡಲಿಲ್ಲ.

ಆ ಮೇಲಿನ ಮಾಘದಲ್ಲಿ ಅವಳು ಕಲ್ಲುಕುಟಿಗನನ್ನು ಕರೆಸಿ, ಗೋಡೆಯ ಬುಡದ ತೂಬಿಗೆ ಅಳತೆಗೆ ಸರಿಯಾಗಿ ಒಂದು ಕಲ್ಲು ಕಡಿಸಿ, ಗಾರೆ ಹಾಕಿಸಿ ಮುಚ್ಚಿಸಿದಳು. ಬಾವಿಯಲ್ಲಿ ನೀರು ಇಳಿದದ ಎಂದು ಗಂಡನಿಗೆ ಹೇಳಿದಳು. ಬಾವಿಯಲ್ಲಿ ನೀರು ಎಂದಿನಷ್ಟೇ ಇತ್ತು. ಭುಜಂಗರಾಯನಿಗೂ ಅದು ಕಾಣುತ್ತಿತ್ತು. ಮನೆಯೊಳಗಿನ ಮಾತಿಗೆ ತಾನು ಬರುವುದಿಲ್ಲ ಎಂದು ಆತ ಕೈತೊಳೆದುಕೊಂಡನು. ಇಂಥ ಗಂಡಸರ ಹೆಸರನ್ನು ವಾಡೆಯ ಮುಂದಿನ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಅಂಬಕ್ಕ ಅಣ್ಣನ ಬಳಿ ದೂರಲಿಲ್ಲ. ಎರಡು ಕೊಡ ಹಿಡಿದು ಹಳ್ಳಕ್ಕೆ ಹೋದಳು. ಮುಂಜಾನೆಯಿಂದ ಸಂಜೆಯವರೆಗೆ ಹೊತ್ತರೂ ಮೂರು ಎಕರೆಗೆ ಅದು ಎಲ್ಲಿ ಸಾಕು? ಫಾಲ್ಗುಣ ಮುಗಿಯುವ ಹೊತ್ತಿಗೆ ಹಳ್ಳವೂ ಬತ್ತಿತು. ಹುಸೇನಬಿಯ ಗೋರಂಟಿ ಒಣಗಿತು, ಕಣಗಿಲೆ ಎಲೆ ಉದುರಿಸಿತು, ಕಾಳವ್ವನ ನಿಂಬೆಯ ತೊಗಟೆ ಸೀಳತೊಡಗಿತು. ಇನ್ನೊಂದು ತಿಂಗಳು ಹೀಗೆ ಹೋದರೆ ತೋಟದಲ್ಲಿ ಉರುವಲು ಬಿಟ್ಟು ಬೇರೇನೂ ಉಳಿಯುವಂತಿರಲಿಲ್ಲ. ಊರಿನ ಹೆಂಗಸರಿಗೆ ಎಲ್ಲವೂ ಗೊತ್ತಿತ್ತು. ಆದರೆ ದೇಸಾಯಿಣಿ ನಿಲ್ಲಿಸಿದ ನೀರನ್ನು ಅವಳ ಕಣ್ಣೆದುರಿಗೇ ಹೊತ್ತು ಹಾಕುವ ಧೈರ್ಯ ಯಾರಿಗಿತ್ತು? ಗಂಡಂದಿರು ವಾಡೆಯ ಹೊಲದಲ್ಲಿ ದುಡಿಯುವವರು. ಗೋಡೆಯಾಚೆ ನಿಂತು ನೋಡಿ ಮನೆಗೆ ಹೋಗುತ್ತಿದ್ದರು.

ಚೈತ್ರ ಬಂತು. ತುಳಜಾಬಾಯಿಗೆ ಇನ್ನು ಯಾವ ಅನುಮಾನವೂ ಉಳಿದಿರಲಿಲ್ಲ. ಒಣಗಿದ ಗಿಡ ನೋಡಲು ಯಾರು ಹೋಗುತ್ತಾರೆ? ಆದರೂ ಬರೀ ಗೆದ್ದರೆ ಸಾಲದು, ಗೆದ್ದದ್ದು ಪ್ರತಿ ಮನೆಯಲ್ಲೂ ದಿನಾ ಕಾಣಬೇಕು ಎಂದು ಅವಳಿಗೆ ಅನಿಸಿತು. ತಾಮ್ರದ ಕೆಲಸದವರಿಗೆ ಹೇಳಿ ನೂರಾ ಒಂದು ತಂಬಿಗೆ ಮಾಡಿಸಿದಳು, ಒಂದೊಂದರ ಕಂಠದ ಕೆಳಗೂ ವಾಡೆಯ ಗುರುತಾದ ಕಮಲ ಕೊರೆಸಿದಳು. ಊರಿನ ಹೆಂಗಸು ಮುಂಜಾನೆ ಎದ್ದು ಮೊದಲು ಕೈಹಾಕುವ ಪಾತ್ರೆ ತನ್ನದಾಗಬೇಕು. ಲೆಕ್ಕಾಚಾರವೇನೋ ಸರಿಯಾಗಿಯೇ ಇತ್ತು. ಆದರೆ ನಮ್ಮ ಕಡೆ ಮುತ್ತೈದೆಯ ಕೈಗೆ ಖಾಲಿ ಪಾತ್ರೆ ಕೊಡುವುದಿಲ್ಲ. ಏನಾದರೂ ತುಂಬಿಯೇ ಕೊಡಬೇಕು. ಅಕ್ಕಿ ತುಂಬಬಹುದಿತ್ತು, ಬೆಲ್ಲ ತುಂಬಬಹುದಿತ್ತು. ಚೈತ್ರದಲ್ಲಿ ನೀರಿನ ದಾನಕ್ಕಿಂತ ದೊಡ್ಡದಿಲ್ಲ ಎಂದು ಪುರೋಹಿತರು ಹೇಳಿದ್ದು ಅವಳ ಮನಸ್ಸಿನಲ್ಲಿತ್ತು. ಅದೂ ಅಲ್ಲದೆ, ಊರಿನ ಬಾವಿಗಳೆಲ್ಲ ತಳ ಕಂಡಿರುವಾಗ ವಾಡೆಯ ಬಾವಿಯ ತಣ್ಣನೆಯ ನೀರು ಕೊಟ್ಟರೆ ಅದರ ಘನತೆಯೇ ಬೇರೆ. ನೂರಾ ಒಂದು ತಂಬಿಗೆಗೂ ಬಾವಿಯ ನೀರು ತುಂಬಿಸಿ, ಲಾವಂಚದ ಬೇರು ಹಾಕಿಸಿ, ಗೌರಿಯ ಮುಂದೆ ಸಾಲಾಗಿ ಇಡಿಸಿದಳು.

ಅಂದು ಪಡಸಾಲೆಯಲ್ಲಿ ಹೆಂಗಸರು ಬಹಳ ಹೊತ್ತು ಕೂತರು. ಹಿತ್ತಿಲ ಕಡೆ ಯಾರೂ ನೋಡಲಿಲ್ಲ. ನೋಡಲು ಅವರಿಗೆ ನಾಚಿಕೆಯಾಗುತ್ತಿತ್ತು. ದೇಸಾಯಿಣಿ ಅಂದು ಎಷ್ಟು ಚೆಲುವಾಗಿ ಕಾಣುತ್ತಿದ್ದಳೆಂದರೆ ಅವಳ ಅತ್ತೆಯ ಕಾಲದಿಂದ ಕಂಡವರೂ ಅಂಥ ಕಳೆ ನೋಡಿರಲಿಲ್ಲ ಎನ್ನುತ್ತಾರೆ. ಕುಂಕುಮ ಕೊಟ್ಟು, ತನ್ನ ಕೈಯಿಂದಲೇ ಒಬ್ಬೊಬ್ಬರಿಗೂ ತಂಬಿಗೆ ಕೊಟ್ಟಳು. ಕಮ್ಮಾರರ ಕಾಳವ್ವ ಎಲ್ಲರಿಗಿಂತ ಹಿರಿಯಳು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಹೋಗದೆ ನಿಂತಳು.

"ಅವ್ವಾರ, ನನ್ನ ಮನಿ ಊರ ಆ ತುದಿಗೈತಿ. ನನ್ನ ಕೈ ನಡಗ್ತಾವು. ದೇವರ ಮುಂದ ಇಟ್ಟ ನೀರು, ಹಾದ್ಯಾಗ ತುಳುಕಿದ್ರ ಮಂದಿ ತುಳೀತಾರ. ಗಿಡದ ಬುಡಕ ಹಾಕಿ ಹೋಗಲೇನ್ರಿ?"

ಪೂಜೆಯ ನೀರನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು. ಇದು ಎಲ್ಲರಿಗೂ ಗೊತ್ತಿದ್ದ ಮಾತು. ತುಳಜಾಬಾಯಿಗೆ ಹೆಬ್ಬಾಗಿಲ ಮುಂದಿನ ತುಳಸಿಕಟ್ಟೆ ಕಣ್ಣ ಮುಂದೆ ಬಂದಿರಬೇಕು. ಅಂದಿನ ಸಂತೋಷದಲ್ಲಿ ಬೇರೇನೂ ಹೊಳೆಯಲಿಲ್ಲ.

"ಅದಕ್ಕೇನು ಕೇಳ್ತೀರಿ," ಎಂದು ಎಲ್ಲರಿಗೂ ಕೇಳುವಂತೆಯೇ ಅಂದಳು. "ದೇವರ ನೀರು ಗಿಡಕ್ಕಽ ಹೋಗಬೇಕು. ಹಾಕ್ರಿ."

ಕಾಳವ್ವ ಹೆಬ್ಬಾಗಿಲು ದಾಟಿದಳು. ತುಳಸಿಕಟ್ಟೆಯನ್ನೂ ದಾಟಿದಳು. ಗೋಡೆಯ ಬದಿ ಹಿಡಿದು ಹಿಂದಕ್ಕೆ ನಡೆದು, ದಿಡ್ಡಿ ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ, ತನ್ನ ನಿಂಬೆಯ ಬುಡಕ್ಕೆ ತಂಬಿಗೆ ಬಗ್ಗಿಸಿದಳು. ಅವಳ ಹಿಂದೆ ಹಡಪದರ ಮನೆಯವಳು ಬಂದಳು, ಅವಳ ಹಿಂದೆ ಇನ್ನೊಬ್ಬಳು. ಈ ಸಲ ಯಾರೂ ಹಾಡಲಿಲ್ಲ. ನೂರು ಹೆಂಗಸರು ಒಬ್ಬರ ಹಿಂದೆ ಒಬ್ಬರು ಹೋಗಿ ತಮ್ಮ ತಮ್ಮ ಗಿಡಕ್ಕೆ ನೀರು ಹಾಕಿದರು. ತುಳಜಾಬಾಯಿ ಮಾಳಿಗೆಯ ಕಿಟಕಿಯಿಂದ ನೋಡಿದಳು. ತಾನು ಕೊಟ್ಟ ತಂಬಿಗೆ, ತಾನು ತುಂಬಿಸಿದ ನೀರು, ತಾನೇ ಕೊಟ್ಟ ಅಪ್ಪಣೆ. ಯಾರನ್ನು ಬೈಯುವುದು?

ಸಂಜೆ ದೀಪ ಹಚ್ಚುವ ಮೊದಲು ದೇಸಾಯಿಣಿ ತೋಟಕ್ಕೆ ಇಳಿದಳು. ಆ ತೋಟದೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು, ಅದೇ ಕೊನೆ. ಉಳಿದಿದ್ದ ಒಂದು ತಂಬಿಗೆ ಕೈಯಲ್ಲಿಯೇ ಇತ್ತು; ಯಾಕೆ ಹಿಡಿದು ಬಂದಳೋ ಅವಳಿಗೇ ತಿಳಿದಿರಲಿಕ್ಕಿಲ್ಲ. ಅಂಬಕ್ಕ ಒದ್ದೆ ಮಣ್ಣಿನ ಮೇಲೆ ಕೂತಿದ್ದಳು.

"ನನ್ನ ಮಂದೀನ್ನೆಲ್ಲಾ ಕಸಗೊಂಡಿ, ಅಂಬಾ," ಅಂದಳು ತುಳಜಾಬಾಯಿ. "ಇನ್ನೇನು ಬೇಕಾಗೇದ ನಿನಗ?"

ಅಂಬಕ್ಕ ಏಳಲಿಲ್ಲ. "ಕಸಗೋಬೇಕಂತನಽ ಈ ತೋಟ ಹಚ್ಚಿದ್ದೆ, ವೈನಿ. ಸುಳ್ಳು ಯಾಕ ಹೇಳಲಿ? ವರ್ಷಾ ಚೈತ್ರದಾಗ ನಿಮ್ಮ ಕೈಯಾಗಿನ ಕುಂಕುಮದ ಕರಡಿಗಿ ನೋಡಿ ನನ್ನ ಹೊಟ್ಟ್ಯಾಗ ಬೆಂಕಿ ಬೀಳ್ತಿತ್ತು. ನನ್ನ ಒಳಗ ಕರಿಯೋ ಹಂಗಿದ್ದಿಲ್ಲ. ಅವರನ್ನಽ ಹೊರಗ ಕರಕೋಬೇಕಂತ ಮನಿ ಮನಿ ಬೇಡಿದೆ. ನನಗ ಉರದದ್ದು ನಿಮಗ ಕಾಣಲಿಲ್ಲ. ನಿಮಗ ಉರದದ್ದು ನನಗ ದಿನಾ ಕಾಣ್ತಿತ್ತು. ಕಂಡೂ ಸುಮ್ಮನಿದ್ದೆ, ಛಂದ ಅನಸ್ತಿತ್ತು."

ಅದಕ್ಕೆ ತುಳಜಾಬಾಯಿ ಏನು ಮಾಡಿದಳು ಎನ್ನುವುದರಲ್ಲಿ ಎರಡು ಮಾತಿವೆ. ಅವಳು ಅತ್ತು, ಕೈಯಲ್ಲಿದ್ದ ನೂರಾ ಒಂದನೆಯ ತಂಬಿಗೆಯನ್ನು ನಾದಿನಿಗೆ ಕೊಟ್ಟು ಅಪ್ಪಿಕೊಂಡಳು ಎಂದು ಕೆಲವರು ಹೇಳುತ್ತಾರೆ. ಪ್ರಸನ್ನಕುಮಾರ ಇದನ್ನೇ ಹೇಳುತ್ತಾನೆ, ಚಪ್ಪಾಳೆ ಬೀಳುವುದೂ ಇಲ್ಲಿಯೇ. ನಮ್ಮ ಅಜ್ಜಿ, ಕಾಳವ್ವನ ಮೊಮ್ಮಗಳ ಮಗಳು, ಹಾಗೆ ಹೇಳುತ್ತಿರಲಿಲ್ಲ. ಕೊಡಲಿಲ್ಲ ಎನ್ನುತ್ತಿದ್ದಳು. ಮುತ್ತೈದೆಯರಿಗೆಂದು ಮಾಡಿಸಿದ ತಂಬಿಗೆ, ಅದನ್ನು ಅಂಬಕ್ಕನಿಗೆ ಕೊಡಲು ಅವಳಿಗೆ ಕೈ ಬರಲಿಲ್ಲ. ನೀರು ತುಂಬಿದ ತಂಬಿಗೆಯನ್ನು ಹಿಡಿದುಕೊಂಡೇ ಹೊರಳಿ ಹೋದಳು. ನಾನು ಅಜ್ಜಿಯ ಮಾತನ್ನು ನಂಬುತ್ತೇನೆ. ಅಷ್ಟು ವರ್ಷ ಕಾಪಿಟ್ಟ ಕಿಚ್ಚು ಒಂದು ಸಂಜೆಗೆ ಆರುವುದಿಲ್ಲ. ನನ್ನದೇ ಆರಿಲ್ಲ.

ಊರಿನ ಹೆಂಗಸರಿಗೆ ಮಾತ್ರ ದಾರಿ ಸಿಕ್ಕಿತ್ತು. ಮಳೆ ಬೀಳುವವರೆಗೆ ದಿನಾ ಸಂಜೆ ತಮ್ಮ ಮನೆಯಲ್ಲಿ ಬೇಳೆ, ಅಕ್ಕಿ ತೊಳೆದು ಉಳಿದ ನೀರನ್ನು ಕಮಲದ ತಂಬಿಗೆಯಲ್ಲಿ ತಂದು ಹಾಕಿದರು. ಯಾರಾದರೂ ಕೇಳಿದರೆ, ಅವ್ವಾರ ಕೊಟ್ಟ ತಂಬಿಗಿ, ಅವ್ವಾರಽ ಹಾಕ್ರಿ ಅಂದಾರ ಎನ್ನುತ್ತಿದ್ದರು. ಗೋರಂಟಿಯೊಂದು ಹೋಯಿತು, ಉಳಿದದ್ದರಲ್ಲಿ ಬಹುಪಾಲು ಚಿಗುರಿತು. ಮುಂದೆ ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿಯೂ ತೋಟದಲ್ಲಿ ಏನೇ ಸೇರುವುದಿದ್ದರೂ ಬರಿಗೈಯಲ್ಲಿ ಬರುವುದನ್ನು ಜನ ಬಿಟ್ಟರು. ಹೀಗೆ ಅದಕ್ಕೆ ತಂಬಿಗೆ ತೋಟ ಎಂದು ಹೆಸರಾಯಿತು.

ತುಳಜಾಬಾಯಿ ತೂಬಿನ ಕಲ್ಲನ್ನು ಕೊನೆಯವರೆಗೂ ತೆಗೆಸಲಿಲ್ಲ. ತೆಗೆಸಿದರೆ ಸೋತೆ ಎಂದು ಒಪ್ಪಿಕೊಂಡ ಹಾಗೆ. ಆದರೆ ಆ ಚೈತ್ರದ ಮರುದಿನ ಮುಂಜಾನೆ, ಸ್ನಾನ ಮುಗಿಸಿ, ಮನೆಗೆ ಉಳಿದ ಆ ಒಂದು ತಂಬಿಗೆಯನ್ನು ತುಂಬಿಕೊಂಡು ಮಾಳಿಗೆಗೆ ಹೋದಳು. ಕಿಟಕಿಯ ಅಂಚಿನ ಮೇಲೆ ಅದರ ಕಂಠ ಇಟ್ಟು ಹೊರಗೆ ಬಗ್ಗಿಸಿದಳು. ಕೆಳಗೆ ಆಗ ಏನೂ ಇರಲಿಲ್ಲ, ಬರೀ ನೆಲ. ಮರುದಿನವೂ ಹಾಗೆಯೇ ಮಾಡಿದಳು. ಅಂಬಕ್ಕ ಮೇಲೆ ನೋಡಲಿಲ್ಲ, ಕೇಳಲಿಲ್ಲ. ಎಂಟು ದಿನ ನೋಡಿ, ನೀರು ಬೀಳುವ ಜಾಗದಲ್ಲಿ ಒಂದು ದುಂಡುಮಲ್ಲಿಗೆಯ ಕಡ್ಡಿ ಊರಿದಳು. ಆ ಬಳ್ಳಿ ಗೋಡೆ ಹಿಡಿದು ಮೇಲೇರಿ ಮೂರನೆಯ ವರ್ಷಕ್ಕೆ ಕಿಟಕಿ ಮುಟ್ಟಿತು. ಆ ಚೈತ್ರದಲ್ಲಿ ವಾಡೆಯ ಗೌರಿಗೆ ಮುಡಿಸಿದ ಮಲ್ಲಿಗೆ ಎಲ್ಲಿಯದೆಂದು ಯಾರೂ ಕೇಳಲಿಲ್ಲ. ಅತ್ತಿಗೆ ನಾದಿನಿಯರು ಮತ್ತೆ ಒಂದು ಮಾತೂ ಆಡಲಿಲ್ಲ ಎನ್ನುತ್ತಾರೆ. ಅಂಬಕ್ಕ ತೀರಿಕೊಂಡ ದಿನದ ಹೊರತು, ಇಪ್ಪತ್ತೆರಡು ವರ್ಷ ತುಳಜಾಬಾಯಿ ಒಂದು ಮುಂಜಾನೆಯನ್ನೂ ತಪ್ಪಿಸಲಿಲ್ಲ. ಅಂದು ಹಾಕದ್ದನ್ನು ಮರುದಿನ ಎರಡು ತಂಬಿಗೆಯಾಗಿ ಹಾಕಿದಳಂತೆ.

ಈಗ ಬರುವವರು ಗೋಡೆಯ ಬುಡದಲ್ಲಿ ಆ ತೂಬನ್ನು ನೋಡಬಹುದು. ಕಲ್ಲು ಹಾಗೆಯೇ ಇದೆ, ಗಾರೆ ಒಂದಿಷ್ಟೂ ಬಿಟ್ಟಿಲ್ಲ. ಮೇಲೆ ಕಿಟಕಿಗೆ ಮೆತ್ತನೆಯ ಬಳಪದ ಕಲ್ಲಿನ ಚೌಕಟ್ಟು. ಅದರ ಅಂಚಿನ ನಡುವೆ ಅಂಗೈ ಅಗಲದಷ್ಟು ಒಂದು ತಗ್ಗು ಬಿದ್ದಿದೆ, ನುಣ್ಣಗಾಗಿದೆ. ಅಲ್ಲಿ ಕೋವಿ ಊರಿ ಶತ್ರುಗಳ ಮೇಲೆ ಗುಂಡು ಹಾರಿಸುತ್ತಿದ್ದರು ಎಂದು ಪ್ರಸನ್ನಕುಮಾರ ಹೇಳುತ್ತಾನೆ. ಜನ ಫೋಟೋ ತೆಗೆದುಕೊಳ್ಳುತ್ತಾರೆ. ನಾನು ಅವನನ್ನು ತಿದ್ದಿಲ್ಲ. ತಿದ್ದಿದರೆ ನಾಳೆಯಿಂದ ಇದನ್ನೂ ಅವನೇ ಹೇಳುತ್ತಾನೆ. ಆದರೆ ಕಳೆದ ಚೈತ್ರದ ಸಂಗೀತದ ದಿನ ಎಲ್ಲರೂ ಕೆಳಗೆ ತೋಟದಲ್ಲಿದ್ದಾಗ ನಾನು ಮಾಳಿಗೆ ಹತ್ತಿದೆ. ನಮ್ಮ ಮನೆಯಲ್ಲಿ ಕಾಳವ್ವನ ತಂಬಿಗೆ ಇದೆ, ಕಮಲ ಅರ್ಧ ಸವೆದಿದೆ. ಅದನ್ನು ತುಂಬಿಕೊಂಡೇ ಹೋಗಿದ್ದೆ. ಆ ತಗ್ಗಿನಲ್ಲಿ ಅದರ ಕಂಠ ಇಟ್ಟೆ. ಅಲ್ಲಾಡದೆ ಕೂತಿತು. ಕೆಳಗೆ ಮಲ್ಲಿಗೆಯ ಪಕ್ಕದಲ್ಲಿ ಪ್ರಸನ್ನಕುಮಾರ ಮೈಕು ಸಿಕ್ಕಿಸಿಕೊಂಡು ನಿಂತಿದ್ದ. ಅವನು ಆಚೆ ಸರಿಯುವವರೆಗೆ ಕಾದೆ ಎಂದು ಹೇಳಲಾರೆ. ಬಗ್ಗಿಸಿದೆ.